ಒಂದೇ ಕೊಪ್ಪರಿಗೆಯಲ್ಲಿ ದವನ, ಕನಕಾಂಬರ

ಮಂಡ್ಯಕ್ಕೆ ಬಂದ ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ, ಯಾರೋ ಹೆಂಗಸು ನಮ್ಮ ಜಗುಲಿಯ ಮೇಲೆ ಕೂತು ನನ್ನ ಮಗಳ ತಲೆ ಬಾಚುತ್ತಿದ್ದಳು. ಗುರುತಿಲ್ಲ, ಪರಿಚಯವಿಲ್ಲ. ನಮ್ಮ ಧಾರವಾಡದಲ್ಲಿ ಹೀಗಾಗಿದ್ದರೆ ಓಣಿಯೇ ಕೂಡುತ್ತಿತ್ತು. "ಯಾರ್ರೀ ನೀವು?" ಎಂದೆ.

"ಪಕ್ಕದ್ಮನೆ ಕೆಂಪಮ್ಮ. ಮಗೀನ ಕೂದ್ಲು ಗಂಟಾಗಿತ್ತು, ಬಾಚ್ದೆ. ತೆಪ್ಪಾಯ್ತಾ?" ಎಂದವಳು ಗಿರಿಜೆಯ ಜಡೆಗೆ ಹೂ ಮುಡಿಸಿ ಎದ್ದುಹೋದಳು. ನಾವು ಅಬ್ಬಲಿಗೆ ಎನ್ನುವ ಹೂವಿಗೆ ಇಲ್ಲಿ ಕನಕಾಂಬರ ಎನ್ನುತ್ತಾರೆ. ಅಲ್ಲಿ ಮಾತಿಗೊಂದು 'ರೀ'; ಇಲ್ಲಿ ಮಾಸ್ತರ ಹೆಂಡತಿಯಾದ ನನಗೂ 'ನೀನು'.

ಜೋಳದ ರೊಟ್ಟಿ ಅಗಿದ ಬಾಯಿ ಇಲ್ಲಿ ರಾಗಿಮುದ್ದೆಯನ್ನು ಅಗಿಯದೆ ನುಂಗಬೇಕು. ನನಗದು ಕೈಗೂಡಲು ಮೂರು ತಿಂಗಳು ಹಿಡಿಯಿತು. ಒಂಬತ್ತು ವರ್ಷದ ಗಿರಿಜೆಗೆ ಮೂರೇ ದಿನ. ವಾರದಲ್ಲಿ "ಓಯ್ತೀನಿ", "ಬುಡವ್ವ" ಎನ್ನತೊಡಗಿದಳು. ಮಾತು ಕೆಡಿಸಿಕೊಳ್ಳಬೇಡವೆಂದು ಗದರಿಸಿದ್ದೆ. ಈಗ ನೆನೆದರೆ ನನ್ನ ನಾಲಿಗೆಯನ್ನೇ ಕಿತ್ತುಕೊಳ್ಳಬೇಕೆನಿಸುತ್ತದೆ.

ಈ ಮನೆಗೆ ಹಿತ್ತಲಿಲ್ಲ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆಲೆಮನೆಯಿಂದ ಕೆಂಪಮ್ಮ ತಳ ತೂತಾದ ಹಳೆಯ ಕೊಪ್ಪರಿಗೆಯನ್ನು ಹೊರಿಸಿ ತಂದು ಅಂಗಳದಲ್ಲಿ ಇಡಿಸಿದಳು. ಧಾರವಾಡದ ಅಜ್ಜಿ ಗಂಟು ಕಟ್ಟಿಕೊಟ್ಟಿದ್ದ ದವನದ ಬೀಜವನ್ನು ಗಿರಿಜೆ ಅದರಲ್ಲಿ ಬಿತ್ತಿದಳು. ಬೂದುಹಸಿರು ಎಲೆ ಬಂತು. ಸವರಿದರೆ ಕೈಯೆಲ್ಲ ಘಮ. ಅಷ್ಟರಲ್ಲಿ ಅವಳಿಗೆ ಚಳಿಜ್ವರ. ನಾಲೆಯ ನೀರು, ಗದ್ದೆ, ಸೊಳ್ಳೆ, ಈ ಸೀಮೆಯಲ್ಲಿ ಮನೆಮನೆಗೂ ಇದ್ದದ್ದೇ. ಕ್ವಿನೈನ್ ಕುಡಿಸಿದೆವು. ಹನ್ನೊಂದನೆಯ ದಿನ ಹೋಗಿಬಿಟ್ಟಳು.

ಆಮೇಲೆ ನನಗೆ ಉಳಿದದ್ದು ಆ ದವನ. ಅದೊಂದು ಬದುಕಿ ಬೀಜ ಕಟ್ಟಬೇಕು, ಅಷ್ಟೇ ನನ್ನ ಹಟ. ಬರೀ ಎಲೆ ನೋಡಲಾರದೆ, ಕೆಂಪಮ್ಮ ಊರಲ್ಲಿಲ್ಲದಾಗ ಅವಳ ಮನೆಯಿಂದ ಎರಡು ಕನಕಾಂಬರದ ಸಸಿ ತಂದು ಅದರ ಪಕ್ಕದಲ್ಲೇ ನೆಟ್ಟೆ. ಊರಲ್ಲಿ ಗಿರಿಜೆಯ ಜಡೆಗೆ ಎರಡನ್ನೂ ಸೇರಿಸಿಯೇ ಕಟ್ಟುತ್ತಿದ್ದೆನಲ್ಲ. ದಾರದಲ್ಲಿ ಹೊಂದಿದ್ದು ಮಣ್ಣಿನಲ್ಲೂ ಹೊಂದೀತು ಎಂದುಕೊಂಡೆ. ಸಸಿ ಬಾಡಿದಾಗಲೆಲ್ಲ ನೀರು ಹಾಕಿದೆ, ನೆರಳಿಗೆ ಚಾಪೆ ಕಟ್ಟಿದೆ. ದವನದ ಬುಡ ಕಪ್ಪಾಯಿತು. ನೀರು ಸಾಲದೇನೋ ಎಂದು ಇನ್ನೊಂದು ಬಿಂದಿಗೆ ಸುರಿದೆ.

ಮಳವಳ್ಳಿಯ ಮಗಳ ಮನೆಗೆ ಹೋಗಿದ್ದ ಕೆಂಪಮ್ಮ ಹದಿನೈದು ದಿನದ ಮೇಲೆ ಬಂದು ನೋಡಿದಳು. "ಯಾರವ್ವ ನಿಂಗೆ ಯೋಳ್ಕೊಟ್ಟೋರು? ಕನಕಾಂಬ್ರ ನೀರು ಕೇಳ್ತದೆ, ನೆಳ್ಳು ಕೇಳ್ತದೆ. ದವ್ನಕ್ಕೆ ಬಿಸ್ಲು ಬೇಕು, ನೀರು ನಿಂತ್ರೆ ಕೊಳ್ತೋಯ್ತದೆ. ಕನಕಾಂಬ್ರದ ಜತ್ಗೆ ಎಲೆ ಬೇಕಿದ್ರೆ ಕೆಸ ಇಕ್ಬೇಕಿತ್ತು."

"ಹ್ಯಾಂಗಾರ ಉಳಿಸ್ರೀ ಅದನ್ನ" ಎಂದು ಅವಳ ಕೈ ಹಿಡಿದುಕೊಂಡೆ.

ಒಂದೊಂದೇ ಗಿಡ ಹಿಡಿದು ನೋಡಿದಳು. ಎಲ್ಲವೂ ಬೇರಿಲ್ಲದೆ ಕೈಗೆ ಬಂದವು. ನನ್ನ ಮಗಳು ಬಿತ್ತಿದ್ದನ್ನು ನಾನೇ ಕೈಯಾರೆ ಕೊಂದೆ ಎಂದು ಅಲ್ಲೇ ಕುಸಿದೆ.

"ಅಳಬ್ಯಾಡ ಅನ್ನಾಕಿಲ್ಲ ಕಣವ್ವ, ಅತ್ಬುಡು" ಎಂದು ಕೆಂಪಮ್ಮ ಪಕ್ಕದಲ್ಲಿ ಕೂತಳು. ಅವಳೂ ಅತ್ತಳು.

ಕನಕಾಂಬರ ಈಗ ಮೈತುಂಬ ಅರಳಿದೆ. ಕಂಡರೆ ಸಿಟ್ಟು ಬರುತ್ತದೆ. ನೀರು ಹಾಕದೆ ಇರಲೂ ಆಗುವುದಿಲ್ಲ.

ಅಣ್ಣ ಕಾಗದ ಬರೆದಿದ್ದಾನೆ: ಆ ಊರಿನ ಋಣ ತೀರಿತು, ಬಂದುಬಿಡಿ, ಅಜ್ಜಿಯ ಹಿತ್ತಲಲ್ಲಿ ದವನ ಬೇಕಾದಷ್ಟಿದೆ ಎಂದು. ಆಸೆಯಿಲ್ಲ ಎನ್ನಲಾರೆ. ರೊಟ್ಟಿ ಬಡಿಯುವ ಸದ್ದು ಕಿವಿಯಲ್ಲೇ ಇದೆ. ಅವನಿಗೆ ಉತ್ತರ ಬರೆದೆ: ರಜೆಗೆ ಬರುತ್ತೇನೆ, ಎಂಟು ದಿನ ಇರುತ್ತೇನೆ. ಒಂಬತ್ತನೆಯ ದಿನಕ್ಕೆ ಯಾರೂ ಒತ್ತಾಯ ಮಾಡಬೇಡಿ. ಗಿರಿಜೆಯನ್ನು ಮಣ್ಣಿಗಿಟ್ಟದ್ದು ಇಲ್ಲಿ. ಅವಳು ಇಲ್ಲಿಯವಳಾಗಿಬಿಟ್ಟಳು, ನಾನಿನ್ನೂ ಆಗಿಲ್ಲ. ಆದರೂ ಅವಳೊಬ್ಬಳನ್ನೇ ಬಿಟ್ಟು ಬರಲಾರೆ.