ಸಮಿತಿ ಬಂದ ದಿನ ನಾನೇ ರೋಗಿ

ಕಾಯಿಲೆಯವಳು ಬೆಂಚಿನ ಮೇಲೆ, ಗಟ್ಟಿಮುಟ್ಟಾದವನು ಮಂಚದ ಮೇಲೆ. ಏನಿದು, ಹೇಳಿ ನೋಡೋಣ? ನಿಮ್ಮಿಂದಾಗಲ್ಲ ಬಿಡಿ, ಮಂಚದ ಮೇಲಿದ್ದವನು ನಾನು.

ಸರ್ಕಾರದ ವಿಮಾ ಕಾರ್ಡು ಈಗ ಎಲ್ಲರಿಗೂ ಉಂಟಂತೆ. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ವಿಧಾನಸಭೆಯ ಸಮಿತಿ ಕೋತಗಿರಿಯ ಆಸ್ಪತ್ರೆಗೆ ಬರುವ ದಿನವೇ, ಏದುಸಿರು ಬಿಡುತ್ತಿದ್ದ ನಮ್ಮ ಹೆತ್ತೆಯನ್ನು, ಅಂದರೆ ಅಜ್ಜಿಯನ್ನು, ಚಹಾ ಎಲೆಯ ಗಾಡಿಯಲ್ಲಿ ಕರೆದೊಯ್ದಿದ್ದೆ.

"ಅಜ್ಜಿಯ ಕಾರ್ಡಿಗೆ ಒಪ್ಪಿಗೆ ಬಂದಿಲ್ಲ, ಹೊರಗೆ ಕೂರಲಿ," ಎಂದ ಆಸ್ಪತ್ರೆಯ ಮ್ಯಾನೇಜರು ನನ್ನ ಕಡೆ ತಿರುಗಿದ. "ತಂಬಿ, ಖಾಲಿ ಮಂಚ ಕಂಡರೆ ಸಮಿತಿಯವರು ಬಯ್ತಾರೆ. ನೀನು ಸ್ವಲ್ಪ ಮಲಗು, ಬಿರಿಯಾನಿ ಕೊಡಿಸ್ತೀನಿ."

"ಹೆತ್ತೆಯನ್ನೇ ಮಲಗಿಸಿ ಸಾರ್."

"ಅವಳಿಗೆ ಔಷಧಿ ಕೊಡಬೇಕಾಗುತ್ತೆ. ನಿನಗೆ ಬೇಡವಲ್ಲ!"

ಇದನ್ನು ಸಮಿತಿಯ ಕಿವಿಗೇ ಹಾಕೋಣ ಎಂದು ಮಲಗಿದೆ. ಅಧ್ಯಕ್ಷರು ಬಂದು, "ಏನಪ್ಪಾ ಕಾಯಿಲೆ?" ಎಂದರು.

"ನನಗೇನಿಲ್ಲ ಅಯ್ಯಾ, ಕಾಯಿಲೆ ಹೊರಗೆ ಬೆಂಚಿನ ಮೇಲೆ ಕೂತಿದೆ. ನಾನು ಬರೀ ಮಂಚ ಬೆಚ್ಚಗಿಡ್ತಿದ್ದೀನಿ."

ಅಧ್ಯಕ್ಷರು ತಾವೇ ಹೊರಗೆ ಹೋಗಿ, ಹೆತ್ತೆಯ ಕೈಹಿಡಿದು ಒಳಗೆ ಕರೆತಂದು ಮಲಗಿಸಿದರು.

ಇಲ್ಲ, ಈ ಕೊನೆ ನಾನು ಕಟ್ಟಿದ್ದು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಚೂಟಿ ಹುಡುಗ," ಎಂದು ಮುಂದಿನ ಮಂಚಕ್ಕೆ ಹೋದರು. ನಾನು ಎದ್ದು ಹೊರಗೆ ಓಡುವಷ್ಟರಲ್ಲಿ ಹೆತ್ತೆಯ ಉಸಿರು ನಿಂತಿತ್ತು. ಬಿರಿಯಾನಿ ಮಾತ್ರ ಹೇಳಿದ ಹಾಗೆ ಬಂತು.