ನಂಜಮ್ಮನ ನಾಲ್ಕು ಸಾಲು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅಂಥವರಿಗೆ ಒಂದೋ ಜ್ವರ ಬಂದಿರುತ್ತದೆ, ಇಲ್ಲವೇ ಸುಳ್ಳಿನ ಚಟ ಇರುತ್ತದೆ ಎಂದು ಎದುರಿಗೇ ಹೇಳಿ ಬೈಸಿಕೊಂಡವನು ನಾನು. ಈಗ ನಾನೇ ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ. ಇದರಲ್ಲಿ ಕತ್ತಲೆಯೂ ಇಲ್ಲ, ಸ್ಮಶಾನವೂ ಇಲ್ಲ. ನಡೆದದ್ದು ಹಾಡುಹಗಲಲ್ಲಿ, ಸುತ್ತ ಮಗ್ಗಗಳ ಸದ್ದು ಕೇಳುತ್ತಿದ್ದಾಗ.

ಎಂಬತ್ತರ ದಶಕದ ಕೊನೆಯ ಮಾತು. ತಮಿಳು ಸೀಮೆಯ ಪೀಳಮೇಡಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೆ. ಮೆಟ್ಟುಪಾಳ್ಯಂ ರಸ್ತೆಯಲ್ಲಿರುವ ಮನೆಯಲ್ಲಿ ಕನ್ನಡ ಮಾತಾಡುವ ನೇಕಾರರ ಒಂದು ಊರಿನಿಂದ ಫೋನ್ ಬಂತು. ಊರಿನ ಹೆಸರು ಕೇಳಿದ ಕೂಡಲೇ ಗುರುತು ಹತ್ತಿತು. ಅದು ನಮ್ಮ ಅಜ್ಜಿ ನಂಜಮ್ಮನ ತವರು. ಬೇರೆ ಜಾತಿಯ ಮಿಲ್ ಫಿಟ್ಟರ್ ಒಬ್ಬನನ್ನು ಮದುವೆಯಾದಳೆಂದು ಅವಳನ್ನು ಕುಲದಿಂದ ಹೊರಗೆ ಹಾಕಿದ್ದರು. ಸಾಯುವವರೆಗೂ ಅವಳು ಆ ಊರಿಗೆ ಕಾಲಿಡಲಿಲ್ಲ. ಆದರೆ ಕನ್ನಡ ಬಿಡಲಿಲ್ಲ. ನಮ್ಮಮ್ಮನಿಗೆ ಕಲಿಸಿದಳು, ಅಮ್ಮ ನನಗೆ ಕಲಿಸಿದಳು. ಹೊರಗೆ ಹಾಕಿದವರ ಮುಖವನ್ನು ಒಂದು ಸಲ ನೋಡಿಬಿಡೋಣ ಎಂದೇ ಹೊರಟೆ. ಯಾರ ಮೊಮ್ಮಗನೆಂದು ಹೇಳಲಿಲ್ಲ. ತಮಿಳಿನಲ್ಲೇ ಮಾತಾಡಿದೆ.

ನೇಕಾರರ ಸಂಘದ ಕಟ್ಟಡದಲ್ಲಿ ಇಬ್ಬರೇ ಕಾದಿದ್ದರು. ಕುಲದ ಪುಸ್ತಕ ನೋಡಿಕೊಳ್ಳುವ ಮುದುಕ ಚೌಡಪ್ಪ, ಅವನ ಮೊಮ್ಮಗಳು ಮಂಗಳಾ. ಚೌಡಪ್ಪ ನಮ್ಮ ಅಜ್ಜಿಯ ಒಡಹುಟ್ಟಿದ ತಮ್ಮ. ಹೆಸರು ಕೇಳಿ ಗೊತ್ತಿದ್ದವನನ್ನು ಅಂದೇ ಮೊದಲು ನೋಡಿದ್ದು.

ಮಂಗಳಾ ಗಾಬರಿಯಲ್ಲೇ ವಿಷಯ ಹೇಳಿದಳು. ನಮ್ಮವರಲ್ಲಿ ಮನೆಗಳೆಲ್ಲ ಬೆಡಗುಗಳಾಗಿ ಹಂಚಿಹೋಗಿವೆ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ಯಾವ ಮನೆಯದು ಯಾವ ಬೆಡಗು ಎಂದು ಬರೆದಿಟ್ಟ ಹಳೆಯ ಕನ್ನಡ ಪುಸ್ತಕವೊಂದಿತ್ತು. ಊರಲ್ಲಿ ಕನ್ನಡ ಅಕ್ಷರ ಬಲ್ಲವನು ಮುದುಕನೊಬ್ಬನೇ. ಅವನು ಓದಿದ, ಇವಳು ಇಂಗ್ಲಿಷ್ ಅಕ್ಷರದಲ್ಲಿ ಕಂಪ್ಯೂಟರಿಗೆ ಟೈಪು ಮಾಡಿದಳು. ಮುಗಿದ ಮೇಲೆ ಏನು ಮಾಡಿದರು ಗೊತ್ತೆ? ಹಳೆಯ ಪುಸ್ತಕವನ್ನು ಮನೆಯಲ್ಲಿ ಕೊಳೆಯಿಸಬಾರದೆಂದು ಅರಿಶಿನ ಕುಂಕುಮ ಹಚ್ಚಿ ಭವಾನಿ ನದಿಗೆ ಬಿಟ್ಟರು! ಈಗ ಕಂಪ್ಯೂಟರಿನಲ್ಲಿದ್ದ ಆ ಫೈಲೇ ತೆರೆಯುತ್ತಿರಲಿಲ್ಲ.

"ಇನ್ನೊಂದು ಪ್ರತಿ ಫ್ಲಾಪಿಯಲ್ಲಿ ಇದೆ ಸಾರ್," ಎಂದು ತಂದುಕೊಟ್ಟಳು. ಅದು ದೇವರ ಮನೆಯಲ್ಲಿತ್ತು. ಆಯುಧ ಪೂಜೆಯಲ್ಲಿ ಅದಕ್ಕೂ ಗಂಧ ಬಳಿದಿದ್ದರು, ಸರಿಯಾಗಿ ಒಳಗಿನ ಡಿಸ್ಕ್ ಕಾಣುವ ಕಿಂಡಿಯ ಮೇಲೆ. ಅದನ್ನು ಇನ್ನು ಯಾವ ಯಂತ್ರವೂ ಓದುವಂತಿರಲಿಲ್ಲ. ನಗು ಬಂತು, ನುಂಗಿಕೊಂಡೆ. ಏಕೆಂದರೆ ಹುಡುಗಿ ಅಳುತ್ತಿದ್ದಳು. ಅವಳಿಗೆ ಪೊಳ್ಳಾಚಿಯ ಹುಡುಗನೊಬ್ಬ ಒಪ್ಪಿಗೆಯಾಗಿದ್ದ. ತೆಂಗಿನ ವ್ಯಾಪಾರಕ್ಕೆಂದು ಎಂದೋ ಆ ಕಡೆ ಹೋದ ಮನೆ, ಬೆಡಗೇ ಮರೆತಿತ್ತು. ಇಬ್ಬರದೂ ಒಂದೇ ಬೆಡಗು ಎಂದು ಯಾರೋ ಕಡ್ಡಿ ಆಡಿಸಿದ್ದರು. ಬಾಯಿಮಾತು ಬೇಡ, ಅಚ್ಚಾದ ಹಾಳೆ ತೋರಿಸಿ ಎಂದು ಗಂಡಿನವರು ಆ ದಿನ ನಾಲ್ಕು ಗಂಟೆಗೆ ಬರುವವರಿದ್ದರು. ಆಗಲೇ ಹನ್ನೊಂದಾಗಿತ್ತು.

ಹಿಂದಿನ ವಾರ ಫೈಲು ಉಳಿಸುವಾಗಲೇ ಕರೆಂಟು ಹೋಗಿತ್ತಂತೆ. ಕಂಪ್ಯೂಟರಿನೊಳಗಿನ ಡಿಸ್ಕಿನ ಮೊದಲಿಗೆ ಒಂದು ಪಟ್ಟಿ ಇರುತ್ತದೆ. ಯಾವ ಫೈಲಿನ ಯಾವ ತುಂಡು ಎಲ್ಲಿದೆ ಎಂದು ಹೇಳುವುದು ಅದೇ. ಅದು ಕೆಟ್ಟರೆ ಬರಹವೆಲ್ಲ ಒಳಗೇ ಇದ್ದರೂ ದಾರಿ ತಪ್ಪಿಹೋಗುತ್ತದೆ. ಪುಣ್ಯಕ್ಕೆ ಆ ಪಟ್ಟಿಗೆ ಇನ್ನೊಂದು ನಕಲು ಡಿಸ್ಕಿನಲ್ಲೇ ಇರುತ್ತದೆ. ಅದನ್ನು ನೋಡಿ ಒಂದೊಂದೇ ತುಂಡನ್ನು ಜೋಡಿಸುತ್ತಾ ಕೂತೆ.

ಮುದುಕ ನನ್ನ ಬೆನ್ನ ಹಿಂದೆಯೇ ಕೂತು ಕನ್ನಡದಲ್ಲಿ ಬೈಯುತ್ತಿದ್ದ.

"ಈ ತಮಿಳ ಪಯ್ಯನ್ಗೆ ಏನ್ ತಿಳೀತದೆ ಅಂತ ಕರೆಸ್ದೆ ಅಮ್ಮಿ? ಮೂತಿ ನೋಡು. ಚುಮ್ಮಾ ಕೂತ್ಕೊಂಡು ಗುಂಡಿ ಒತ್ತಾವ್ನೆ."

"ತಾತಾ, ಅವ್ರಿಗೆ ಕೇಳ್ತದೆ."

"ಕೇಳ್ಲಿ ಬಿಡು. ನಮ್ ಮಾತು ಇವನಿಗೆಲ್ಲಿ ಗೊತ್ತಾಯ್ತದೆ?"

ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದೆ. ಒಂದು ಗಂಟೆಯ ಹೊತ್ತಿಗೆ ಪೊಳ್ಳಾಚಿಯವರ ಮನೆ ಸಿಕ್ಕಿತು. ಬೆಡಗು ಬೇರೆ! ಮಂಗಳಾ ಕೈಮುಗಿದುಬಿಟ್ಟಳು. ಅದರ ಕೆಳಗೆ ಅವಳದೇ ಮನೆಯ ಲೆಕ್ಕದಲ್ಲಿದ್ದ ಸಾಲನ್ನೂ ಅದೇ ಖುಷಿಯಲ್ಲಿ ಜೋರಾಗಿ ಓದಿದಳು: "ನಂಜಮ್ಮ, ಹಿರಿಯ ಮಗಳು."

ಮುದುಕ ಎದ್ದು ನಿಂತ. "ಆ ಹೆಸರು ನೀ ಯಾಕೆ ಬರೆದೆ?"

"ನಾ ಬರೀಲಿಲ್ಲ ತಾತಾ. ನೀವು ಓದಲೇ ಇಲ್ವಲ್ಲ. ಯಾರದು?"

"ಅವಳನ್ನ ಹೊರಗೆ ಹಾಕಿದ ದಿನವೇ ಆ ಪುಟ ನಾನೇ ಕೈಯಾರೆ ಹರಿದು ಒಲೆಗೆ ಹಾಕಿದ್ದೆ. ಅಳಿಸು. ಆ ಹೆಸರಿರೋ ಹಾಳೆ ಈ ಬಾಗಿಲು ದಾಟಬಾರ್ದು."

ಅವಳು ತಮಿಳಿನಲ್ಲಿ ನನಗೆ ಹೇಳಿದಳು. ನಂಜಮ್ಮನ ಸಾಲುಗಳನ್ನು ಅಳಿಸಿ ಫೈಲು ಉಳಿಸಿದೆ. ಫೈಲು ಇಡಿಯಾಗಿ ಹೋಯಿತು. ಡಿಸ್ಕ್ ಬೆಳಿಗ್ಗೆ ಹೇಗಿತ್ತೋ ಹಾಗೆಯೇ ಕೆಟ್ಟು ಕೂತಿತ್ತು. ಮತ್ತೆ ಜೋಡಿಸಿದೆ, ದಾರಿ ಗೊತ್ತಿದ್ದರಿಂದ ಈ ಸಲ ಬೇಗ ಆಯಿತು. ಮತ್ತೆ ಅಳಿಸಿದೆ. ಮತ್ತೆ ಹೋಯಿತು. ಕರೆಂಟು ಇತ್ತು, ಯಂತ್ರದಲ್ಲಿ ಬೇರೆ ದೋಷವಿರಲಿಲ್ಲ. ಎರಡು ಸಲವೂ ಹೋದದ್ದು ಆ ಸಾಲುಗಳನ್ನು ತೆಗೆದಾಗಲೇ.

ಮೂರನೆಯ ಸಲ ಜೋಡಿಸಿದಾಗ ಮೂರೂವರೆ. ಮಂಗಳಾ ಯಾರನ್ನೂ ಕೇಳದೆ ಅಚ್ಚು ಹಾಕಿದಳು. "ಕೆಳಗಡೆ ಹರಿ," ಎಂದ ಮುದುಕ. ಅವಳು ಹರಿಯಲಿಲ್ಲ. ಓದಿದಳು.

"ನಂಜಮ್ಮ, ಹಿರಿಯ ಮಗಳು. ಗಂಡ ಪಳನಿಸಾಮಿ, ಫಿಟ್ಟರ್. ಮಗಳು ರಾಜಮ್ಮ. ಮಗ ಚೌಡಪ್ಪ, ಮೂರು ತಿಂಗಳಿಗೆ ತೀರಿಹೋದ."

ನನಗೆ ತಡೆಯಲಾಗಲಿಲ್ಲ. "ರಾಜಮ್ಮ ನಮ್ಮ ತಾಯಿ," ಎಂದೆ, ಕನ್ನಡದಲ್ಲೇ.

ಮುದುಕ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. "ಹಂಗಾದ್ರೆ ಬರೆದವನು ನೀನೇ. ಕಳ್ಳ ನನ್ಮಗನೆ, ನನ್ನ ಹೆಸರು ಬೇರೆ ಸತ್ತ ಕೂಸಿಗೆ ಇಟ್ಟೆಯಾ?"

"ಇಲ್ಲ ತಾತಾ, ಬೆಳಿಗ್ಗೆಯಿಂದ ನಾ ಪಕ್ಕದಲ್ಲೇ ಕೂತಿವ್ನಿ. ಅವರು ಒಂದಕ್ಷರ ಟೈಪು ಮಾಡಿಲ್ಲ," ಎಂದಳು ಮಂಗಳಾ. ಅವನು ಕೇಳಿಸಿಕೊಳ್ಳಲಿಲ್ಲ. ಹೊರಗೆ ಕಾರು ನಿಂತ ಸದ್ದಾಯಿತು. ಬೇರೆ ದಾರಿಯಿಲ್ಲದೆ ಹಾಳೆಯನ್ನು ಇಡಿಯಾಗಿಯೇ ಕೈಯಲ್ಲಿ ಹಿಡಿದ. ನನಗೆ ಹಿಂಬಾಗಿಲು ತೋರಿಸಿದ.

ಸಂಜೆ ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಕೂಸಿನ ಹೆಸರು ಬಂದಾಗ ಅವಳು ಸೋಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟಳು.

"ಅವನ ಹೆಸರು ನಿನಗ್ಯಾರು ಹೇಳಿದ್ರು?"

ನನಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೊಬ್ಬ ತಮ್ಮ ಹುಟ್ಟಿದ್ದನೆಂಬುದೇ ನನಗೆ ಗೊತ್ತಿರಲಿಲ್ಲ. "ಸಾಯೋ ಮುಂಚೆ ಅಮ್ಮ ನನಗೊಬ್ಬಳಿಗೇ ಹೇಳಿದ್ಳು," ಎಂದಳು. "ತನ್ನ ತಮ್ಮನ ಹೆಸರೇ ಇಟ್ಟಿದ್ಳಂತೆ. ಯಾರಿಗೂ ಹೇಳ್ಬೇಡ, ನಗ್ತಾರೆ ಅಂದಿದ್ಳು." ಒಲೆಗೆ ಹಾಕಿದ ಆ ಪುಟದಲ್ಲೂ ಈ ಕೂಸು ಇರಲು ಸಾಧ್ಯವಿರಲಿಲ್ಲ. ಅದು ಹುಟ್ಟಿದ್ದೇ ಆಮೇಲೆ.

ತಿಂಗಳಾದ ಮೇಲೆ ಮಂಗಳಾಳ ಲಗ್ನಪತ್ರಿಕೆ ಅಂಚೆಯಲ್ಲಿ ಬಂತು. ಅಚ್ಚೆಲ್ಲ ತಮಿಳು, ಕೊನೆಗೆ ಮುದುಕನ ಕೈಬರಹದ ಎರಡು ಸಾಲು ಮಾತ್ರ ಕನ್ನಡ. ಆಗ ನಮಗಿಬ್ಬರಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ; ನಾನು ಕಲಿತದ್ದು ಎಷ್ಟೋ ವರ್ಷದ ಮೇಲೆ. ಪಕ್ಕದ ಅಂಗಡಿಯ ಮೈಸೂರಿನವರು ಓದಿ ಹೇಳಿದರು: "ರಾಜಮ್ಮ, ಆ ಸಾಲು ಬರೆದದ್ದು ತಾನೇ ಎಂದು ನಿನ್ನ ಮಗ ಬಂದು ಒಪ್ಪಿಕೊಳ್ಳಲಿ. ಆಮೇಲೆ ನೀನು ತವರಿಗೆ ಬಾ."

ಮೂರನೆಯ ದಿನ ಅಮ್ಮ ಊಟಕ್ಕೆ ಬಡಿಸುತ್ತಾ, "ಬರೆದೆ ಅಂದುಬಿಡು ಮಗನೆ, ಏನು ಹೋಯ್ತದೆ," ಎಂದಳು. ಮಾಡದ್ದನ್ನು ಮಾಡಿದೆ ಎನ್ನಲಾರೆ ಎಂದು ತಟ್ಟೆ ಬಿಟ್ಟು ಎದ್ದುಹೋದೆ. ಅಷ್ಟು ಸೊಕ್ಕು ನನಗೆ. ಮದುವೆ ಮುಗಿಯಿತು. ಮುದುಕ ಹೋದ. ಅಮ್ಮನೂ ಹೋದಳು, ಆ ಊರನ್ನು ಒಮ್ಮೆಯೂ ನೋಡದೆ.

ಆಮೇಲೆ ಎಷ್ಟು ಡಿಸ್ಕುಗಳನ್ನು ಸರಿಮಾಡಿದ್ದೇನೋ ಲೆಕ್ಕವಿಲ್ಲ. ಬರೆಯದೇ ಇದ್ದದ್ದು ಇನ್ನಾವುದರಲ್ಲೂ ಸಿಗಲಿಲ್ಲ. ಆ ನಾಲ್ಕು ಸಾಲು ಬರೆದವರು ಯಾರೆಂದು ನನಗೆ ಗೊತ್ತಿಲ್ಲ. ನಾನಲ್ಲ. ನಾನೇ ಅಂದುಬಿಡಬಹುದಿತ್ತು.