ಜೀಬ್ರಾ ಪಟ್ಟೆಯ ಬಳಿ ಉಪಚಾರ

ನನಗಾಗಿ ಕಾರೊಂದು ನಿಂತರೆ ನನಗೆ ಗಾಬರಿಯಾಗುತ್ತದೆ. ಉಡುಪಿಯಲ್ಲಿ ಐವತ್ತು ವರ್ಷ ರಸ್ತೆ ದಾಟಿದವನು ನಾನು. ಒಂದು ಕೈ ಮುಂದೆ ಚಾಚಿ, ಬಸ್ಸಿನ ಡ್ರೈವರನ ಕಣ್ಣಲ್ಲಿ ಕಣ್ಣಿಟ್ಟು, ಮನಸ್ಸಿನಲ್ಲೇ ಹೆಂಡತಿ ಮಕ್ಕಳನ್ನು ನೆನೆದು. ಅಲ್ಲಿ ಕಾರು ತಾನಾಗಿ ನಿಂತಿತೆಂದರೆ ಒಂದೋ ಪೆಟ್ರೋಲು ಮುಗಿದಿರಬೇಕು, ಇಲ್ಲವೇ ಒಳಗಿರುವವರು ನಮ್ಮ ನೆಂಟರಿರಬೇಕು.

ತಂಗಿ ಶಾಲಿನಿಯ ಮನೆಗೆಂದು ಅಬುಧಾಬಿಯ ಬನಿಯಾಸಿಗೆ ಬಂದ ಮೇಲೆ ಈ ಗಾಬರಿ ದಿನಕ್ಕೆ ಹತ್ತು ಸಲ ಆಗತೊಡಗಿತು. ಜೀಬ್ರಾ ಪಟ್ಟೆಯ ಹತ್ತಿರ ನಿಂತು ಕನ್ನಡಕ ಒರೆಸಿಕೊಂಡರೂ ಸಾಕು, ಕೋಣೆಯಷ್ಟು ದೊಡ್ಡ ಕಾರು ಬಂದು ನಿಲ್ಲುತ್ತದೆ. ಹಾರ್ನ್ ಇಲ್ಲ, ಬೈಗುಳವಿಲ್ಲ. ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಹೋಳಿಗೆ ಬಂದರೆ ಎಲೆಗೆ ಕೈ ಅಡ್ಡ ಹಿಡಿದು ಎರಡು ಸಲ ಬೇಡವೆಂದು, ಮೂರನೆಯ ಸಲ ಒಪ್ಪಿಕೊಳ್ಳುವುದು ಮರ್ಯಾದೆ. ಒತ್ತಾಯ ಮಾಡದೆ ಬಡಿಸಿದರೆ ಅದು ಉಪಚಾರವೇ ಅಲ್ಲ. ಅದೇ ಅಭ್ಯಾಸದಲ್ಲಿ ಕಾರಿನವರಿಗೂ ನೀವು ಮೊದಲು ಎಂದು ಕೈ ಬೀಸುತ್ತಿದ್ದೆ. ಅವರು ಹೋಗುತ್ತಿರಲಿಲ್ಲ, ನಾನು ದಾಟುತ್ತಿರಲಿಲ್ಲ. ಒಮ್ಮೆ ಒಬ್ಬ ವಯಸ್ಸಾದ ಅರಬರು ಕೊನೆಗೆ ಗಾಜಿಳಿಸಿ "ಯಲ್ಲಾ, ಯಲ್ಲಾ" ಎಂದರು. ಬೇಗ ನಡೆಯಪ್ಪ ಎನ್ನುವುದಕ್ಕೆ ಇಲ್ಲಿಯ ಮಾತು. ಅಷ್ಟು ಒತ್ತಾಯವಾದ ಮೇಲೆ ದಾಟಿದೆ.

ಶಾಲಿನಿಗೆ ಇದು ನಗುವ ವಿಷಯವಾಗಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿರುವ ಅವಳನ್ನು ಮುಸಫ್ಫಾದ ಶಾಖೆಗೆ ಹಾಕಿದ್ದರು. ಆಸ್ಪತ್ರೆಯ ವ್ಯಾನು ಆ ಕಡೆ ಹೋಗುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ಸಿಗದಿದ್ದರೆ ಕೆಲಸ ಬಿಡಬೇಕು. ಈಗಾಗಲೇ ನಾಲ್ಕು ಸಲ ಫೇಲಾಗಿದ್ದಳು. ಐದನೆಯ ಪರೀಕ್ಷೆಗೆ ಧೈರ್ಯ ತುಂಬಲು ನಾನೂ ಹೋದೆ. ಅಂದರೆ ದಾರಿಯುದ್ದಕ್ಕೂ ಹೆದರಬೇಡ, ಹೆದರಬೇಡ ಎಂದು ಹೇಳಿ ಚೆನ್ನಾಗಿ ಹೆದರಿಸಿದೆ.

ಅವಳು ಪರೀಕ್ಷಕಿಯ ಜೊತೆ ಕಾರು ಹತ್ತಿದಳು. ನಾನು ಚಹಾ ಕುಡಿಯೋಣವೆಂದು ಹೊರಬಿದ್ದು ರಸ್ತೆಯಂಚಿನ ಜೀಬ್ರಾ ಪಟ್ಟೆಯ ಬಳಿ ನಿಂತೆ. ಸ್ವಲ್ಪ ಹೊತ್ತಿಗೆ, ಕಲಿಯುವವರ ಬೋರ್ಡು ಹೊತ್ತ ಕಾರೊಂದು ಪಟ್ಟೆಯ ಮುಂದೆ ಬಂದು ನಿಂತಿತು. ಸ್ಟಿಯರಿಂಗ್ ಹಿಡಿದವಳು ಶಾಲಿನಿ.

ಹತ್ತು ದಿನಗಳಲ್ಲಿ ಇಲ್ಲಿ ಕಲಿತದ್ದೆಲ್ಲ ಆ ಕ್ಷಣ ಮರೆತುಹೋಯಿತು. ಅಣ್ಣನನ್ನು ಕಂಡು ನಿಲ್ಲಿಸಿಬಿಟ್ಟಳು, ಪರೀಕ್ಷೆ ಹೋಯಿತು ಎಂದುಕೊಂಡೆ. ಪರಿಚಯವೇ ಇಲ್ಲದವನಂತೆ ಆಕಾಶ ನೋಡುತ್ತಾ, ಸೊಂಟದ ಬಳಿಯಿಂದ ಹೋಗು ಹೋಗು ಎಂದು ಕೈ ಬೀಸಿದೆ. ಕಾರು ಅಲ್ಲಾಡಲಿಲ್ಲ. ಮತ್ತೆ ಬೀಸಿದೆ. ಹಿಂದೆ ಆರು ಕಾರುಗಳು ಸಾಲುಗಟ್ಟಿದವು. ಕೊನೆಗೆ ಸಿಟ್ಟು ಬಂದು, ಚಹಾದ ಆಸೆ ಬಿಟ್ಟು, ಬಂದ ದಾರಿಯಲ್ಲೇ ವಾಪಸು ನಡೆದೆ. ಆಗ ಕಾರು ಮುಂದೆ ಹೋಯಿತು.

ಅರ್ಧ ಗಂಟೆಯ ಮೇಲೆ ಅವಳು ಬಂದು ನನ್ನ ಪಕ್ಕ ಕುಳಿತು ಒಂದು ಕಾಗದ ಕೊಟ್ಟಳು. ಪಾಸು. ಆದರೂ ಹಿರಿಯಣ್ಣನ ಕರ್ತವ್ಯವೆಂದು, ನನ್ನನ್ನು ಕಂಡು ನೀನು ಕಾರು ನಿಲ್ಲಿಸಬಾರದಿತ್ತು ಎಂದೆ.

"ನಿನ್ನನ್ನು ಕಂಡದ್ದು ಆಮೇಲೆ ಅಣ್ಣ. ಯಾರೋ ಒಬ್ರು ದಾಟ್ಲಿಕ್ಕೆ ನಿಂತಿದ್ದಾರೆ ಅಂತ ನಿಲ್ಸಿದ್ದು. ನೀನು ಕೈ ಬೀಸುವಾಗ ಬ್ರೇಕಿನಿಂದ ಕಾಲು ತೆಗೀವ ಅಂತ ಎರಡು ಸಲ ಆಯ್ತು ನಂಗೆ. ಚಿಕ್ಕಂದಿನಿಂದ ನೀನು ಹೇಳಿದ್ದು ಕೇಳಿಯೇ ಅಭ್ಯಾಸ ಅಲ್ವಾ? ಹೋಗಿದ್ರೆ ಅಲ್ಲೇ ಫೇಲ್."

ಆ ಮನುಷ್ಯ ನಿನಗೆ ಗೊತ್ತೇ ಎಂದು ಪರೀಕ್ಷಕಿ ಕೇಳಿದರಂತೆ. ಗೊತ್ತಿಲ್ಲ ಎಂದಳಂತೆ.

ಒಡಹುಟ್ಟಿದವಳ ಬಾಯಲ್ಲಿ ಈ ಮಾತು ಕೇಳಿ ಚುರುಕ್ಕೆಂದದ್ದು ನಿಜ. ಆದರೆ ಯೋಚಿಸಿದಷ್ಟೂ ಸಂತೋಷವೇ ಹೆಚ್ಚಾಯಿತು. ಅಣ್ಣನಿಗಾಗಿ ಯಾವ ತಂಗಿಯಾದರೂ ಕಾರು ನಿಲ್ಲಿಸಿಯಾಳು. ನಾನು ಬರೀ ಯಾರೋ ಒಬ್ಬನಾಗಿ ನಿಂತು ಏಳು ಕಾರುಗಳನ್ನು ಕಾಯಿಸಿದ್ದೆ. ಅಷ್ಟೊಂದು ಮರ್ಯಾದೆ ಸಿಕ್ಕಾಗ ದಾಟುವ ಧೈರ್ಯ ಮಾತ್ರ ನನ್ನಲ್ಲಿರಲಿಲ್ಲ.